ದಾನದ ಹಸು, ಪಡೆದವರ ಹಲ್ಲು

ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತದೆ ಗಾದೆ. ಅಂತರರಾಷ್ಟ್ರೀಯ ಪರೋಪಕಾರ ಇದಕ್ಕೊಂದು ತಿದ್ದುಪಡಿ ತಂದಿದೆ: ಹಸುವಿನ ಹಲ್ಲು ಎಣಿಸುವಂತಿಲ್ಲ, ಪಡೆದವರ ಹಲ್ಲು ಎಣಿಸಲೇಬೇಕು. ಫೋಟೊದಲ್ಲಿ ಎಂಟಾದರೂ ಕಾಣದಿದ್ದರೆ ಆ ಊರು ವಾರ್ಷಿಕ ವರದಿಯ ಮುಖಪುಟಕ್ಕೆ ನಾಲಾಯಕ್ಕು.

ಕೀನ್ಯಾದ ತುರ್ಕಾನಾ ಸರೋವರದ ದಡದಲ್ಲಿ ನಾರ್ವೆಯವರು ಇಂಥದೊಂದು ಹಸು ತಂದು ಕಟ್ಟಿದರು. ಮೀನು ಹಿಡಿದು, ಹೆಪ್ಪುಗಟ್ಟಿಸಿ, ಮಾರಿ ನಾರ್ವೆ ಉದ್ಧಾರವಾಗಿದೆ. ಇಲ್ಲೂ ನೀರಿದೆ, ಮೀನಿದೆ, ಇನ್ನೇನು ಬೇಕು? ತುರ್ಕಾನಾ ಜನ ದನ, ಮೇಕೆ, ಒಂಟೆ ಮೇಯಿಸುತ್ತ ಅಲೆಯುವವರು ಎಂಬುದು ಕ್ಷುಲ್ಲಕ ವಿವರ. 1980ರ ದಶಕದ ಆರಂಭದಲ್ಲಿ ಶೈತ್ಯ ಘಟಕ ಎದ್ದು ನಿಂತಿತು, ಕೆಲವೇ ದಿನ ಓಡಿತು, ಮಲಗಿತು. ಬೆಂಗಾಡಿನಲ್ಲಿ ಮೀನನ್ನು ತಣ್ಣಗಿಡುವ ಖರ್ಚು, ಘಟಕ ಕೇಳುವ ಶುದ್ಧ ನೀರು ಎರಡೂ ನಿಲುಕುವಂಥವಾಗಿರಲಿಲ್ಲ. ದನ ಕಾಯುವವರನ್ನು ಮೊದಲೇ ಕೇಳಿದ್ದರೆ ಇಷ್ಟು ಒಳ್ಳೆಯ ಕಟ್ಟಡ ತಪ್ಪಿಹೋಗುತ್ತಿತ್ತು.

ಆದರೆ ಈ ಕ್ಷೇತ್ರದ ಮುಕುಟಮಣಿ ಪ್ಲೇಪಂಪ್. ಮಕ್ಕಳು ಕೂತು ಗಿರಗಿರ ಸುತ್ತುವ ಮೈದಾನದ ಚಕ್ರವನ್ನು ಕೊಳವೆಬಾವಿಗೆ ಜೋಡಿಸುವುದು. ಮಕ್ಕಳು ಆಡುತ್ತಾರೆ, ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ಮೈಮೇಲಿನ ಜಾಹೀರಾತಿನ ದುಡ್ಡಲ್ಲಿ ದುರಸ್ತಿ ನಡೆಯುತ್ತದೆ. ಆಫ್ರಿಕಾದ ಹಳ್ಳಿಗಳಲ್ಲಿ ಇದನ್ನು ಕೂರಿಸಲು 2006ರಲ್ಲಿ ಅಮೆರಿಕದಲ್ಲಿ 1.64 ಕೋಟಿ ಡಾಲರ್ ಘೋಷಣೆಯಾಯಿತು. ಒಂದರ ಬೆಲೆ ಸುಮಾರು 14,000 ಡಾಲರ್, ಅಂದರೆ ಸಾಮಾನ್ಯ ಕೈಪಂಪಿನ ನಾಲ್ಕು ಪಟ್ಟು. ತಯಾರಕರ ಪ್ರಕಾರ ಗಂಟೆಗೆ 1,400 ಲೀಟರ್. ಗುರಿ, ಒಂದು ಪಂಪಿನಿಂದ 2,500 ಜನಕ್ಕೆ ನೀರು. ತಲೆಗೆ ದಿನಕ್ಕೆ 15 ಲೀಟರ್ ಹಿಡಿದು ಭಾಗಿಸಿ ನೋಡಿ: ಮಕ್ಕಳು ದಿನಕ್ಕೆ ಸುಮಾರು 27 ಗಂಟೆ ಆಡಬೇಕು. ಹೆಚ್ಚಿನ 3 ಗಂಟೆಯನ್ನು ಯಾವ ಸರ್ಕಾರ ಒದಗಿಸಬೇಕೆಂದು ಒಪ್ಪಂದದಲ್ಲಿ ಬರೆದಿರಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಆಟದ ಚಕ್ರದ ಮಜಾ ಇರುವುದು ಒಮ್ಮೆ ತಳ್ಳಿ ಹತ್ತಿದರೆ ತಾನಾಗಿ ತಿರುಗುತ್ತಿರುವುದರಲ್ಲಿ. ಅದಕ್ಕೆ ಪಂಪ್ ಕಟ್ಟಿದರೆ ಪ್ರತಿ ಸುತ್ತಿನಲ್ಲೂ ನೀರಿನ ಭಾರ ಹಿಂದಕ್ಕೆ ಜಗ್ಗುತ್ತದೆ, ತಳ್ಳುವುದು ನಿಲ್ಲಿಸಿದ ಕ್ಷಣ ಚಕ್ರವೂ ನಿಲ್ಲುತ್ತದೆ. ಮಕ್ಕಳಿಗೆ ಇದು ಆಟವಲ್ಲ, ಗಾಣ ಎಂದು ಬೇಗ ಅರ್ಥವಾಯಿತು. ಆಮೇಲೆ ಗಾಣಕ್ಕೆ ಬಿದ್ದವರು ಹೆಂಗಸರು. ನೆಟ್ಟಗೆ ನಿಂತು ಕೈಪಂಪ್ ಒತ್ತುತ್ತಿದ್ದವರು ಈಗ ಸೊಂಟ ಬಗ್ಗಿಸಿ ಬಣ್ಣದ ಚಕ್ರ ಸುತ್ತಬೇಕು. ಹಲವು ಕಡೆ ಹಳೆಯ ಕೈಪಂಪನ್ನು ಕಿತ್ತೇ ಹೊಸದನ್ನು ಕೂರಿಸಿದ್ದರು. ಹಳ್ಳಿಗಾಡಿನಲ್ಲಿ ಜಾಹೀರಾತು ಕೊಡುವವರಿಲ್ಲ. ಕೆಟ್ಟರೆ ಊರಿನ ಮೆಕ್ಯಾನಿಕ್ಕಿಗೆ ಬಿಚ್ಚಲು ಬರದು, ಬಿಡಿಭಾಗ ಸಿಗದು. ದೂರದವರು ಬರುವ ತನಕ ತಿಂಗಳುಗಟ್ಟಲೆ ಕಾಯುವುದು. ಫೋಟೊ ಮಾತ್ರ ಅದ್ಭುತವಾಗಿ ಬಂದಿತ್ತು.

ಔಷಧದಾನದ ವೈಭವ ಬೇರೆ. 2004ರ ಸುನಾಮಿಯ ನಂತರ ಇಂಡೊನೇಷ್ಯಾದ ಅಚೆ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧ ಬಂದು ಬಿತ್ತು. ಶೇ 60ರಷ್ಟು ಆ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇರಲಿಲ್ಲ. ಬಹುಪಾಲಿನ ಚೀಟಿ ಅಲ್ಲಿನವರು ಓದಲಾಗದ ಭಾಷೆಯಲ್ಲಿತ್ತು. ಔಷಧ ತಲುಪಿದ ಮೇಲೆ ಕನಿಷ್ಠ ಒಂದು ವರ್ಷ ಬಾಳಿಕೆ ಉಳಿದಿರಬೇಕು, ಚೀಟಿ ಅಲ್ಲಿನ ವೈದ್ಯರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಬರೆದಿಟ್ಟಿದೆ. ಬಹುಶಃ ಆ ಸೂಚನೆಯೂ ದಾನಿಗಳಿಗೆ ತಿಳಿಯದ ಭಾಷೆಯಲ್ಲಿತ್ತು. ಬೇಡದ ಔಷಧವನ್ನು ವಿಂಗಡಿಸಿ, ಕಾಯ್ದಿಟ್ಟು, ಸುಡುವ ಖರ್ಚು ಪಡೆದವರದ್ದು. ದಾನದ ಜತೆ ದಕ್ಷಿಣೆ ಅವರೇ ಕೊಡಬೇಕು.

ಇಷ್ಟಾದ ಮೇಲೆ ಸಮೀಕ್ಷೆ. ಕೊಟ್ಟ ಸಂಸ್ಥೆಯದೇ ಟೀ ಶರ್ಟ್ ತೊಟ್ಟವರು ಬಂದು, "ನಮ್ಮ ಸೇವೆ ನಿಮಗೆ ತೃಪ್ತಿಯೋ, ಅತಿ ತೃಪ್ತಿಯೋ?" ಎಂದು ಕೇಳುತ್ತಾರೆ. ಅತಿಥಿಯ ಮುಖಕ್ಕೆ ಹೊಡೆದಂತೆ ಹೇಳಬಾರದೆಂದು ಬೆಳೆದವರು ಏನು ಹೇಳಿಯಾರು? "ಮನೆಯಲ್ಲಿ ಎಷ್ಟು ಜನ?" ಎಂಬ ಸರಳ ಪ್ರಶ್ನೆಗೂ ಮೂರು ಉತ್ತರ: ಒಂದು ಸೂರಿನಡಿ ಮಲಗುವವರು, ಒಂದೇ ಒಲೆಯಲ್ಲಿ ಉಣ್ಣುವವರು, ದುಡಿಯಲು ಹೋದರೂ ಲೆಕ್ಕದಲ್ಲಿರುವವರು. ಪ್ರಶ್ನೆಗಳ ಅನುವಾದವನ್ನು ಇನ್ನೊಬ್ಬರ ಕೈಲಿ ಮೂಲಭಾಷೆಗೆ ಮರಳಿಸಿ ಹೋಲಿಸಿದರೆ ಈ ತೊಡಕು ಒಂದು ಮಧ್ಯಾಹ್ನದಲ್ಲಿ ಬಯಲಾಗುತ್ತದೆ. ಆದರೆ ಆ ಮಧ್ಯಾಹ್ನಕ್ಕೆ ಬಜೆಟ್ ಇಲ್ಲ. ಸಮೀಕ್ಷಕರು ಹೋಗುವುದೂ ಮಳೆ ನಿಂತ ಮೇಲೆ, ಡಾಂಬರು ರಸ್ತೆ ಮುಗಿಯುವ ತನಕ. ಗ್ರಾಮೀಣ ಬಡತನದ ಅಧ್ಯಯನಕಾರ ರಾಬರ್ಟ್ ಚೇಂಬರ್ಸ್ 1980ರ ದಶಕದಲ್ಲೇ ಇದನ್ನು ಗ್ರಾಮೀಣಾಭಿವೃದ್ಧಿ ಪ್ರವಾಸ ಎಂದು ಕರೆದರು. ಆರು ತಿಂಗಳು ಬಿಟ್ಟು ಹೇಳದೆ ಕೇಳದೆ ಹೋಗಿ ಪಂಪಿನ ಹಿಡಿ ಸವೆದು ಹೊಳೆಯುತ್ತಿದೆಯೋ, ತುಕ್ಕು ಹಿಡಿದಿದೆಯೋ ನೋಡಿದರೆ ಪ್ರಶ್ನಾವಳಿಯೇ ಬೇಡ. ಹಾಗೆ ಮಾಡಿದರೆ ಸಲಹೆಗಾರರ ಗತಿ?

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯವರಂತೂ ಈ ಕಸುಬಿನ ಮಾನ ತೆಗೆದರು. ಭೇದಿಯಿಂದ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ, 1980ರಿಂದ ಹತ್ತು ವರ್ಷ, ಮನೆಮನೆಗೆ ಹೋಗಿ ಕಲಿಸಿದ್ದು ಇಷ್ಟೇ: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಿಯೇ ತನ್ನ ಕೈಯಾರೆ ಕಲಸಿ ತೋರಿಸಬೇಕು. ಉಪ್ಪು ಹೆಚ್ಚಾದರೆ ಮಗುವಿಗೇ ಅಪಾಯ, ಹಾಗಾಗಿ ಕಲಸಿದ್ದರ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ಕಲಿಸಿದವಳ ಸಂಬಳ ಅವಳು ತುಂಬಿದ ಫಾರಂ ನೋಡಿ ನಿಗದಿಯಾಗುತ್ತಿರಲಿಲ್ಲ. ಆಮೇಲೆ ಬೇರೊಬ್ಬರು ಕೆಲವು ಮನೆಗಳಿಗೆ ಹೋಗಿ, ತಾಯಂದಿರಿಗೆ ಎಷ್ಟು ನೆನಪಿದೆ ಎಂದು ಕೇಳಿ ನಿಗದಿಯಾಗುತ್ತಿತ್ತು. ಕಲಿತ ತಾಯಂದಿರೂ ಬಳಸುತ್ತಿಲ್ಲವೆಂದು ಗೊತ್ತಾದಾಗ, ಕಲಿಸುವವರಿಗೇ ಅದರಲ್ಲಿ ನಂಬಿಕೆಯಿಲ್ಲ, ಗಂಡಸರನ್ನು ಯಾರೂ ಮಾತಾಡಿಸಿಲ್ಲ ಎಂಬುದು ಹೊರಬಿತ್ತು. ಎರಡನ್ನೂ ಸರಿಪಡಿಸಿದರು. ಸುಮಾರು 1.2 ಕೋಟಿ ಮನೆ ಮುಟ್ಟಿದರು.

ಎಲ್ಲ ಸರಿ. ಆದರೆ ಚಿಟಿಕೆ ಉಪ್ಪಿನ ಮೇಲೆ ದಾನಿಯ ಹೆಸರು ಬರೆಸುವುದೆಲ್ಲಿ?