ಯಾವುದರ ಅರ್ಧ?

ಸೆಪ್ಟೆಂಬರ್ 19 ಹಾವು ಕಡಿತದ ಜಾಗೃತಿ ದಿನ. ಬುದ್ಧಿಮಾತು ಪ್ರತಿ ವರ್ಷವೂ ಅದೇ. ಗದ್ದೆಗೆ ಇಳಿಯುವಾಗ ಬೂಟು ಹಾಕಿ, ಕತ್ತಲಲ್ಲಿ ಟಾರ್ಚ್ ಹಿಡಿಯಿರಿ, ನೆಲದ ಮೇಲೆ ಮಲಗಬೇಡಿ. ಒಳ್ಳೆಯ ಮಾತೇ. ಮೊಣಕಾಲುದ್ದ ಕೆಸರಲ್ಲಿ ನಾಟಿ ಹಾಕುವವರು ಅರ್ಧ ದಿನ ನಾಟಿ ಹಾಕಲಿ, ಇನ್ನರ್ಧ ದಿನ ಕೆಸರಲ್ಲಿ ಹೂತುಹೋದ ಬೂಟು ಹುಡುಕಲಿ. ಮಂಚ ಇಲ್ಲದವರು ಸುಮ್ನೆ ಮಂಚದ ಮೇಲೆ ಮಲಗಿದರಾಯಿತು.

ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಒಂದು ಪಟ್ಟಿಯಿದೆ. ಉಷ್ಣವಲಯದ ನಿರ್ಲಕ್ಷಿತ ಕಾಯಿಲೆಗಳದ್ದು. ಯಾರೂ ಕ್ಯಾರೇ ಅನ್ನದ ಕಾಯಿಲೆಗಳಿಗೆಂದೇ ಮಾಡಿದ ಪಟ್ಟಿ. ಹಾವು ಕಡಿತಕ್ಕೆ ಅದರಲ್ಲಿ ಗಟ್ಟಿ ಜಾಗ ಸಿಕ್ಕಿದ್ದು 2017ರ ಜೂನ್‌ನಲ್ಲಿ. ಅಲ್ಲಿಯವರೆಗೆ ನಿರ್ಲಕ್ಷಿತರೂ ಅದನ್ನು ಪಂಕ್ತಿಯಿಂದ ಹೊರಗೇ ಕೂರಿಸಿದ್ದರು!

ಇನ್ನು ಮದ್ದಿನ ಕಥೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ಹಾವಿನ ವಿಷ ಚುಚ್ಚುವುದು, ಅದರ ಮೈ ವಿಷಕ್ಕೆ ಪಳಗಿದ ಮೇಲೆ ರಕ್ತ ತೆಗೆದು ಸೋಸುವುದು. 1890ರ ದಶಕದಲ್ಲಿ ಶುರುವಾದ ಪದ್ಧತಿ. ಇವತ್ತಿಗೂ ಮುಖ್ಯವಾಗಿ ಅದೇ ಕುದುರೆ. ಫೋನಿಗೆ ವರ್ಷಕ್ಕೊಂದು ಹೊಸ ಮಾಡೆಲ್ ಬರುತ್ತದೆ, ಕುದುರೆಗೆ ಅಪ್‌ಡೇಟ್ ಇಲ್ಲ. ಕುದುರೆ ಮೇಲೆ ನನಗೇನೂ ಸಿಟ್ಟಿಲ್ಲ ಮಾರಾಯ್ರೆ. ಇಡೀ ವ್ಯವಸ್ಥೆಯಲ್ಲಿ ತನ್ನ ಕೆಲಸ ತಪ್ಪದೆ ಮಾಡುತ್ತಿರುವುದು ಅದೊಂದೇ.

ಆಫ್ರಿಕಾದ ಹತ್ತು ಜಾತಿ ಹಾವುಗಳ ವಿಷಕ್ಕೆ ಆಗುತ್ತಿದ್ದ ಫಾವ್-ಆಫ್ರಿಕ್ ಅನ್ನೋ ಮದ್ದನ್ನು ಸನೋಫಿ ಕಂಪನಿ 2014ರಲ್ಲಿ ನಿಲ್ಲಿಸಿತು. ಅಗ್ಗದ ಮದ್ದುಗಳ ಜೊತೆ ಪೈಪೋಟಿ ಮಾಡೋಕಾಗಲ್ಲ ಅಂತ. ಕೊನೆಯ ಬ್ಯಾಚ್‌ನ ವಾಯಿದೆ 2016ರ ಜೂನ್‌ಗೆ ಮುಗಿಯಿತು. ಹಾವುಗಳಿಗೆ ಯಾರೂ ನೋಟಿಸ್ ಕೊಟ್ಟಿರಲಿಲ್ಲ, ಅವು ಕಚ್ಚುತ್ತಲೇ ಇದ್ದವು.

ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 54 ಲಕ್ಷ ಜನರನ್ನು ಹಾವು ಕಚ್ಚುತ್ತದೆ. ಸಾಯುವವರು 81,000ದಿಂದ 1,38,000. ಈ 'ದಿಂದ' ನೋಡಿ. ಅದರೊಳಗೆ 57,000 ಜನ ಇದ್ದಾರೆ. ಒಂದು ಪಟ್ಟಣದಷ್ಟು ಜನ ಸತ್ತರೋ ಇಲ್ಲವೋ, ಗೊತ್ತಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ದಾರಿಯಲ್ಲಿ ಹೋದವರನ್ನು ಎಷ್ಟೋ ಕಡೆ ಯಾರೂ ಬರೆದುಕೊಳ್ಳುವುದೇ ಇಲ್ಲ.

ಬದುಕಿದವರ ಪಾಡು ಇನ್ನೊಂದು. ಸತ್ತವರ ಸುಮಾರು ಮೂರು ಪಟ್ಟು ಜನ ಕೈಯೋ ಕಾಲೋ ಕಳೆದುಕೊಳ್ಳುತ್ತಾರೆ, ಇಲ್ಲವೇ ಜೀವನಪೂರ್ತಿ ಊನರಾಗುತ್ತಾರೆ. ಮದ್ದಿಗೆ ದನ ಮಾರಿ, ಸಾಲ ಮಾಡಿ, ಕೊನೆಗೆ ಆ ಸಾಲ ತೀರಿಸೋಕೆ ಕೂಲಿಗೆ ಹೋಗಬೇಕಾದ ಕಾಲೇ ಇಲ್ಲ. ಇದರಲ್ಲಿ ನಗೋಕೆ ಏನಿದೆ? ನನಗೂ ಸಾಕಾಗಿದೆ. ಕಚ್ಚಿಸಿಕೊಂಡವರ ಹತ್ತಿರ ದುಡ್ಡಿಲ್ಲ, ಅಷ್ಟೇ ವಿಷಯ.

2030ರ ಹೊತ್ತಿಗೆ ಸಾವು ಅರ್ಧಕ್ಕೆ ಇಳಿಯಬೇಕಂತೆ, ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಸಂತೋಷ. ಯಾವುದರ ಅರ್ಧ ಸ್ವಾಮಿ, 81,000ದ್ದೋ, 1,38,000ದ್ದೋ?