ಸ್ಪಷ್ಟನೆ: ಬಿಳಿ ಶಂಕುವಿನ ಹೊರಗಿದ್ದರೆ ಚಂಡಮಾರುತದ ಭಯವಿಲ್ಲವೇ?

‘ಅಮೆರಿಕದ ಹವಾಮಾನ ನಕ್ಷೆಯ ಬಿಳಿ ಶಂಕುವೇ ಚಂಡಮಾರುತದ ಗಾತ್ರ, ಅದರ ಹೊರಗಿನ ಊರುಗಳು ಸೇಫ್’ ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಫ್ಲಾರಿಡಾ, ಟೆಕ್ಸಾಸ್‌ನಲ್ಲಿ ನಮ್ಮ ಕನ್ನಡದವರೂ ಬೇಕಾದಷ್ಟು ಜನ ಇದ್ದಾರೆ. ಸುಮ್ನೆ ಬಿಡುವ ಮಾತಲ್ಲ.

ಮಯಾಮಿಯ ರಾಷ್ಟ್ರೀಯ ಹರಿಕೇನ್ (ಚಂಡಮಾರುತ) ಕೇಂದ್ರ ಬಿಡಿಸುವ ಆ ಶಂಕು ಹೇಳುವುದು ಒಂದೇ ವಿಷಯ: ಚಂಡಮಾರುತದ ನಡುಭಾಗ ಮುಂದಿನ 5 ದಿನಗಳಲ್ಲಿ ಎತ್ತ ಸಾಗಬಹುದು ಎನ್ನುವುದು. ಹಿಂದಿನ 5 ವರ್ಷಗಳ ಮುನ್ಸೂಚನೆ ಎಷ್ಟು ತಪ್ಪಿತ್ತು ಎಂದು ಲೆಕ್ಕ ಹಾಕಿ ಅದರ ಅಗಲ ಇಡುತ್ತಾರೆ. ದೂರದ ದಿನಕ್ಕೆ ಅನುಮಾನ ಜಾಸ್ತಿ, ಅದಕ್ಕೇ ಶಂಕು ಅಗಲವಾಗುತ್ತಾ ಹೋಗುತ್ತದೆ. ಅಷ್ಟಾದರೂ ಸುಮಾರು ಮೂರರಲ್ಲಿ ಒಂದು ಸಲ ನಡುಭಾಗ ಶಂಕುವನ್ನೇ ದಾಟಿ ಹೋಗುತ್ತದೆ! ಗಾಳಿ, ಮಳೆ, ಉಕ್ಕುವ ಕಡಲು ಎಲ್ಲಿಯವರೆಗೆ ಮುಟ್ಟುತ್ತವೆ ಎಂಬುದು ಅದರಲ್ಲಿ ಇಲ್ಲವೇ ಇಲ್ಲ.

2024ರ ಸೆಪ್ಟೆಂಬರ್ 26ರಂದು ಹೆಲೀನ್ ಎಂಬ ಚಂಡಮಾರುತದ ನಡುಭಾಗ ಫ್ಲಾರಿಡಾದ ಟ್ಯಾಂಪಾ ನಗರದಿಂದ ಸುಮಾರು 100 ಮೈಲಿ ದೂರ, ಕಡಲ ಮೇಲೆಯೇ ಸಾಗಿತು. ಆದರೂ ಟ್ಯಾಂಪಾ ಕೊಲ್ಲಿಯ ದಡದ ಮನೆಗಳೊಳಗೆ ಉಪ್ಪುನೀರು ನುಗ್ಗಿತು. ಕರಾವಳಿಯಿಂದ ಬಹಳ ಒಳಗಿರುವ, ಬೆಟ್ಟಗಳ ನಡುವಿನ ಆಶ್‌ವಿಲ್ (ಉತ್ತರ ಕೆರೊಲಿನಾ ರಾಜ್ಯದ ನಗರ) ಕೂಡ ಮಳೆನೀರಿಗೆ ಮುಳುಗಿತು.

ಹಾಗಾಗಿ ಶಂಕುವಿನ ಗೆರೆ ಸಾಲದು. ನಿಮ್ಮ ಕೌಂಟಿಯ (ಅಲ್ಲಿನ ಜಿಲ್ಲೆ) ಕಡಲುಬ್ಬರ ಮತ್ತು ನೆರೆ ಎಚ್ಚರಿಕೆಗಳನ್ನು ನೋಡಿ. ಊರು ಬಿಡಿ ಎಂದರೆ ದಯವಿಟ್ಟು ಹೊರಡಿ.