ಮೇಲಿನ ದವಡೆಹಲ್ಲು ಕಿತ್ತಾಗ ಸೈನಸ್ ಮರೆಯಬೇಡಿ

‘ಮೂರು ದಿನವಾದರೂ ಕೆನ್ನೆ ನೋಯುತ್ತಿದ್ದರೆ ಅದು ಡ್ರೈ ಸಾಕೆಟ್’ ಎಂದು ಹಲ್ಲು ಕಿತ್ತ ನಂತರದ ನೋವಿನ ಬಗೆಗಿನ ಲೇಖನವೊಂದು ಹೇಳುವುದು ಮೇಲಿನ ದವಡೆಹಲ್ಲಿನ ಮಟ್ಟಿಗೆ ದಾರಿ ತಪ್ಪಿಸುತ್ತದೆ. ಡ್ರೈ ಸಾಕೆಟ್ (ಹಲ್ಲು ಕಿತ್ತ ಗುಣಿಯಲ್ಲಿ ರಕ್ತದ ಹೆಪ್ಪು ಕಳಚಿ ಮೂಳೆ ಬಯಲಾಗುವುದು) ಹೆಚ್ಚಾಗಿ ಕಾಣುವುದು ಕೆಳದವಡೆಯಲ್ಲಿ. ಮೇಲಿನ ಮೂಳೆ ಮೆದು, ಅಲ್ಲಿ ರಕ್ತಸಂಚಾರವೂ ಚೆನ್ನಾಗಿರುತ್ತದೆ. ಆದರೆ ಮೇಲಿನ ಬೇರುಗಳ ತುದಿಗೂ, ಮೂಗಿಗೆ ತೆರೆದುಕೊಳ್ಳುವ ಗಾಳಿಯ ಪೊಳ್ಳಾದ ಕೆನ್ನೆಯ ಸೈನಸ್‌ಗೂ ನಡುವೆ ಎಷ್ಟೋ ಜನರಲ್ಲಿ ಕಾಗದದಂಥ ಮೂಳೆಯ ಪದರವಷ್ಟೇ ಇರುತ್ತದೆ. ಹಲ್ಲು ಕೀಳುವಾಗ ಅದು ಸೀಳಬಹುದು.

ನೋವಿನ ಗುಣವನ್ನೇ ಗಮನಿಸಿ. ತಲೆ ಬಗ್ಗಿಸಿದಾಗ ಕಣ್ಣಿನ ಕೆಳಗೆ ಭಾರ, ಕುಡಿದ ನೀರು ಮೂಗಿಗೆ ಬರುವುದು, ಒಂದೇ ಹೊಳ್ಳೆಯಲ್ಲಿ ದುರ್ವಾಸನೆಯ ಸ್ರಾವ: ಇವು ಸೈನಸ್ ಕಡೆ ಬೊಟ್ಟು ಮಾಡುತ್ತವೆ. ಕಿವಿಯ ಮುಂದೆ ನೋವು, ಬಾಯಿ ಪೂರ್ತಿ ತೆರೆಯಲಾಗದಿರುವುದು ಬಹುತೇಕ ಸ್ನಾಯು ಸೆಳೆತ. ಬಿಸಿ ಶಾಖ, ಮೆತ್ತನೆ ಆಹಾರಕ್ಕೆ ಬಗ್ಗುತ್ತದೆ. ಡ್ರೈ ಸಾಕೆಟ್ ನೋವಾದರೋ ಗುಣಿಯಿಂದಲೇ ಹೊರಟು ಕಿವಿ, ಕಣತಲೆಗೆ ಹಬ್ಬುತ್ತದೆ. ಊತ 2–3ನೇ ದಿನ ಹೆಚ್ಚುವುದು ಸಹಜ, ಅದಕ್ಕೆ ಗಾಬರಿ ಬೇಡ. ಇಳಿದ ಮೇಲೆ ಮತ್ತೆ ಏರಿದರೆ, ಜ್ವರ ಬಂದರೆ ಕಾಯಬೇಡಿ.

ಲೇಖನ ಬಿಟ್ಟಿರುವ ಮುಖ್ಯ ಮಾತು: ಸೈನಸ್ ತೆರೆದಿರುವ ಅನುಮಾನವಿದ್ದರೆ ಎರಡು ವಾರ ಮೂಗು ಸೀಟಬಾರದು, ಸ್ಟ್ರಾದಲ್ಲಿ ಹೀರಬಾರದು, ಸೀನು ಬಂದರೆ ತಡೆಯದೆ ಬಾಯಿ ತೆರೆದೇ ಸೀನಬೇಕು. ಒತ್ತಡ ಬಿದ್ದರೆ ರಕ್ತದ ಹೆಪ್ಪು ಕಳಚಿ ತೂತು ದೊಡ್ಡದಾಗುತ್ತದೆ. 2 ಮಿಲಿಮೀಟರ್ ಒಳಗಿನದು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ದೊಡ್ಡದಕ್ಕೆ ಹೊಲಿಗೆ ಬೇಕಾಗಬಹುದು. ಮೂಗು ಹಿಡಿದು ಊದಿ ಪರೀಕ್ಷಿಸುವ ಸಾಹಸವನ್ನು ಮನೆಯಲ್ಲಿ ದಯವಿಟ್ಟು ಮಾಡಬೇಡಿ, ಮುಚ್ಚುತ್ತಿರುವ ಪೊರೆ ಅದರಿಂದಲೇ ಹರಿಯುತ್ತದೆ.